‘ಸಿಬಿಲ್ ರಿಪೇರಿ’ಗೆ ಕೊಟ್ಟ 14,750 ರೂಪಾಯಿ

ಈ ಬರಹದ ಮಹಿಳೆಯನ್ನು ಶಾರದಕ್ಕ ಅಂತ ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಊರು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಬ್ಯಾಂಕು, ಫೈನಾನ್ಸ್ ಕಂಪನಿ, ‘ರಿಪೇರಿ’ ಕಂಪನಿ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಉಳಿದದ್ದನ್ನು ಅವರ ಒಪ್ಪಿಗೆ ಪಡೆದು ನಡೆದಂತೆ ಬರೆದಿದ್ದೇನೆ.

ನಾನು ಬ್ಯಾಂಕಿನ ಸಾಲ ವಿಭಾಗದಿಂದ ನಿವೃತ್ತನಾದವನು. ವಾರಕ್ಕೆ ಎರಡು ಸಂಜೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಕೂತು, ಬ್ಯಾಂಕಿನ ಕಾಗದ ಅರ್ಥವಾಗದವರಿಗೆ ಓದಿ ಹೇಳುತ್ತೇನೆ. 2024ರ ಜೂನ್ ಎರಡನೇ ವಾರ ಶಾರದಕ್ಕ ಅಲ್ಲಿಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಮೊಬೈಲಿನಿಂದ ಪ್ರಿಂಟ್ ತೆಗೆಸಿದ ಮೂರು ಹಾಳೆ. ಕೂತವರೇ ಕೇಳಿದರು: “ಸರ, ಈ ಕ್ರೆಡಿಟ್ ಕಂಪನಿಗೋಳನ್ನ ನಂಬಬೇಕೋ ಬ್ಯಾಡೋ?”

ರೊಟ್ಟಿ ಮಷಿನ್ನಿನ ಸಾಲ

ಶಾರದಕ್ಕನಿಗೆ ಆಗ 43 ವರ್ಷ. ಮನೆಯ ಹಿಂದಿನ ಪಡಸಾಲೆಯಲ್ಲಿ ಇನ್ನೂ ಮೂವರು ಹೆಣ್ಣುಮಕ್ಕಳ ಜೊತೆ ಜೋಳದ ರೊಟ್ಟಿ ಬಡಿಯುತ್ತಾರೆ. ದಿನಕ್ಕೆ 600 ರೊಟ್ಟಿ. ಮೂರು ಖಾನಾವಳಿಗೆ ಕಾಯಂ, ಮದುವೆ ಸೀಸನ್ನಿನಲ್ಲಿ ಇನ್ನೂ ಜಾಸ್ತಿ. ಆರ್ಡರ್ ಇತ್ತು, ಕೈ ಸಾಲುತ್ತಿರಲಿಲ್ಲ. ರೊಟ್ಟಿ ಮಷಿನ್ನಿಗೂ ಒಂದು ತಗಡಿನ ಶೆಡ್ಡಿಗೂ ಸೇರಿ 4 ಲಕ್ಷ ಬೇಕಿತ್ತು. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50 ಸಾವಿರ ದಾಟಿ 5 ಲಕ್ಷದವರೆಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಫೆಬ್ರುವರಿಯಲ್ಲಿ ಅರ್ಜಿ ಹಾಕಿದರು.

ಹತ್ತು ದಿನದಲ್ಲಿ ಅರ್ಜಿ ವಾಪಸ್ ಬಂತು. “ನಿಮ್ಮ ಸಿಬಿಲ್ 604 ಐತ್ರಿ, ಆಗಂಗಿಲ್ಲ” ಅಂದರಂತೆ. ಯಾಕೆ 604, ಯಾವ ಸಾಲದಿಂದ, ಯಾರೂ ತೋರಿಸಲಿಲ್ಲ. ಇವರೂ ಕೇಳಲಿಲ್ಲ. ಕೌಂಟರಿನಲ್ಲಿ ನಿಂತು ‘ನಿಮ್ಮ ಸಾಲ ಬಾಕಿ ಇದೆ’ ಅಂತ ಅನ್ನಿಸಿಕೊಂಡವರಿಗೆ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು?

ವನಸ್ಪತಿಗೆಲ್ಲ ಡಾಲ್ಡಾ ಅನ್ನುವ ಹಾಗೆ ನಾವು ಎಲ್ಲದಕ್ಕೂ ಸಿಬಿಲ್ ಅನ್ನುತ್ತೇವೆ. ನಿಜಕ್ಕೂ ಇಂಥ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. 2005ರ ಕಾಯ್ದೆಯ ಅಡಿಯಲ್ಲಿ ರಿಸರ್ವ್ ಬ್ಯಾಂಕಿನಿಂದ ನೋಂದಣಿ ಪಡೆದು ನಡೆಯುವ ಕಂಪನಿಗಳು ಇವು. ಸಾಲ ಕೊಡುವವರೂ ಇವರಲ್ಲ, ಬೇಡ ಅನ್ನುವವರೂ ಇವರಲ್ಲ. ಬ್ಯಾಂಕು ಮತ್ತು ಫೈನಾನ್ಸ್‌ನವರು ಕಳಿಸಿದ ಲೆಕ್ಕವನ್ನು ಒಬ್ಬೊಬ್ಬರ ಹೆಸರಿನಲ್ಲಿ ಜೋಡಿಸಿ ಇಡುತ್ತಾರೆ. ಆ ಲೆಕ್ಕ ನೋಡಿ 300ರಿಂದ 900ರ ನಡುವೆ ಒಂದು ಅಂಕ ಕೊಡುತ್ತಾರೆ. 2015ರಿಂದ ಎಲ್ಲ ಬ್ಯಾಂಕುಗಳೂ ನಾಲ್ಕೂ ಕಡೆ ಸದಸ್ಯರಾಗಬೇಕು. ಹಾಗಾಗಿ ಒಂದು ತಪ್ಪು ನಾಲ್ಕು ಕಡೆ ಹೋಗಿ ಕೂರಬಹುದು.

90 ದಿನದಲ್ಲಿ 750

ಮಗ ಪದವಿ ಓದುತ್ತಿದ್ದ. ಅವನ ಫೋನಿಗೆ ಒಂದು ‘ಸಿಬಿಲ್ ರಿಪೇರಿ’ ಕಂಪನಿಯ ಜಾಹೀರಾತು ಬಂತು. 90 ದಿನದಲ್ಲಿ 750 ಸ್ಕೋರ್, ಗ್ಯಾರಂಟಿ. ಫೋನ್ ಎತ್ತಿದ ಹುಡುಗಿ ಚೆಂದ ಕನ್ನಡ ಮಾತಾಡಿದಳು. ಶಾರದಕ್ಕನನ್ನು ‘ಅಮ್ಮಾ’ ಅಂದಳು. ಬ್ಯಾಂಕಿನಲ್ಲಿ ಯಾರೂ ಅಷ್ಟು ಹೊತ್ತು ಅವರ ಮಾತು ಕೇಳಿರಲಿಲ್ಲ. ಫೀಸು 12,500, ಜಿಎಸ್‌ಟಿ ಸೇರಿ 14,750. ಮಾರ್ಚ್ ಮೊದಲ ವಾರ ಫೋನ್‌ಪೇಯಲ್ಲಿ ಕಟ್ಟಿದರು. ಪ್ಯಾನ್, ಆಧಾರ್, ಫೋಟೊ ಕಳಿಸಿದರು. ಬಂದ ಒಟಿಪಿಗಳನ್ನೂ ಹೇಳಿದರು.

ನನ್ನ ಮುಂದೆ ಇಟ್ಟ ಮೂರು ಹಾಳೆ ಆ ಕಂಪನಿಯ ಕರಾರು. ಇಂಗ್ಲಿಷಿನಲ್ಲಿತ್ತು. ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ನಾವು ಪ್ರಯತ್ನ ಮಾತ್ರ ಮಾಡುತ್ತೇವೆ, ಫಲಿತಾಂಶದ ಹೊಣೆ ನಮ್ಮದಲ್ಲ, ಫೀಸು ವಾಪಸ್ ಇಲ್ಲ ಅಂತ ಬರೆದಿತ್ತು. ‘ಗ್ಯಾರಂಟಿ’ ಅನ್ನುವ ಮಾತು ಫೋನಿನಲ್ಲಿ ಇತ್ತು, ಕಾಗದದಲ್ಲಿ ಇರಲಿಲ್ಲ.

ಮೇ ಕೊನೆಗೆ ಸ್ಕೋರ್ 604ರಿಂದ 588ಕ್ಕೆ ಇಳಿಯಿತು. ಕಂಪನಿಯಿಂದ ಮತ್ತೆ ಫೋನ್ ಬಂತು. “ಅಮ್ಮಾ, ನಿಮ್ಮದು ಕಷ್ಟದ ಕೇಸು. ಬ್ಯಾಂಕಿನವರ ಜೊತೆ ಸೆಟಲ್‌ಮೆಂಟ್ ಮಾಡಿಸಬೇಕು. ಇನ್ನೂ 18 ಸಾವಿರ ಹಾಕಿ.” ಗಂಡ ಕಟ್ಟೋಣ ಅಂದರಂತೆ, ಇಷ್ಟು ಹಾಕಿದ್ದು ಹಾಳಾಗಬಾರದು ಅಂತ. ಶಾರದಕ್ಕ ಎರಡು ದಿನ ತಡೆದರು. ಆ ಎರಡು ದಿನದಲ್ಲೇ ಖಾನಾವಳಿಯ ಮಾಲೀಕರೊಬ್ಬರು ನನ್ನ ವಿಷಯ ಹೇಳಿ ಕಳಿಸಿದ್ದರು.

ನಾಲ್ಕು ವರದಿ, ಒಂದು ಟೇಬಲ್

ಅವರ ವರದಿಯನ್ನು ಅವರೇ ಒಮ್ಮೆಯೂ ನೋಡಿರಲಿಲ್ಲ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಆದರೆ ಅವುಗಳ ತಾಣದಲ್ಲಿ ತಿಂಗಳ ಪ್ಲಾನು, ವರ್ಷದ ಪ್ಲಾನು ಕಣ್ಣಿಗೆ ಹೊಡೆಯುತ್ತವೆ. ಉಚಿತ ವರದಿಯನ್ನು ಹುಡುಕಬೇಕು. ಇದು ನನಗೆ ಸರಿ ಅನ್ನಿಸುವುದಿಲ್ಲ.

ಮೂರು ವರದಿ ಅವತ್ತೇ ಸಿಕ್ಕವು. ನಾಲ್ಕನೆಯದು ತೆರೆಯಲಿಲ್ಲ. ಈ ಮೊಬೈಲ್ ನಂಬರಿಗೆ ಆಗಲೇ ಖಾತೆ ಇದೆ ಅಂತ ತೋರಿಸಿತು. ನೋಡಿದರೆ ಇಮೇಲ್ ವಿಳಾಸ ಯಾರದೋ. ಮಾರ್ಚಿನಲ್ಲಿ ಶಾರದಕ್ಕ ಹೇಳಿದ ಒಟಿಪಿಯಿಂದ ರಿಪೇರಿ ಕಂಪನಿ ಅವರ ಹೆಸರಿನಲ್ಲಿ ಖಾತೆ ತೆರೆದು ತನ್ನ ಇಮೇಲ್ ಹಾಕಿಕೊಂಡಿತ್ತು. ಅದು ಇವರ ಹೆಸರಿನಲ್ಲಿ ಹಾಕಿದ್ದ ದೂರುಗಳಿಗೆ ಬಂದ ಉತ್ತರಗಳೆಲ್ಲ ಅಲ್ಲಿಗೇ ಹೋಗಿದ್ದವು. ಇವರ ಸಾಲದ ಚರಿತ್ರೆ ಇವರನ್ನು ಬಿಟ್ಟು ಬೇರೆಯವರಿಗೆ ತಲುಪುತ್ತಿತ್ತು. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇಲ್ಲಿ. ಗುರುತಿನ ದಾಖಲೆ ಕಳಿಸಿ ಇಮೇಲ್ ಬದಲಿಸಲು ಆರು ದಿನ ಹಿಡಿಯಿತು.

ಆಮೇಲೆ ನಾಲ್ಕನ್ನೂ ಟೇಬಲ್ಲಿನ ಮೇಲೆ ಹರಡಿ ಕೂತೆವು. ವರದಿಯಲ್ಲಿ ಪ್ರತಿ ಸಾಲದ ಕೆಳಗೂ ಸಾಲು ಸಾಲು ಸಣ್ಣ ಚೌಕ ಇರುತ್ತವೆ. ಒಂದು ತಿಂಗಳಿಗೆ ಒಂದು ಚೌಕ. ಒಳಗೆ 000 ಅಂತಿದ್ದರೆ ಕಂತು ಹೊತ್ತಿಗೆ ಸರಿಯಾಗಿ ಬಂದಿದೆ. 060 ಅಂತಿದ್ದರೆ 60 ದಿನ ತಡ. ಅವರ ಬಂಗಾರದ ಸಾಲದ ಚೌಕಗಳೆಲ್ಲ 000. ಬೆರಳಿಟ್ಟು ಒಂದೊಂದೇ ಮುಟ್ಟುತ್ತಾ ಹೋದರು. “ಇಷ್ಟೂ ನಾ ಕಟ್ಟಿದ್ದು ಬರದಾರಲ್ಲ ಸರ!”

ಕೆಟ್ಟದ್ದೂ ಸಿಕ್ಕಿತು. ಎರಡು ವರದಿಯಲ್ಲಿ ಒಂದು ಬೈಕ್ ಸಾಲ ಇತ್ತು, ಬೇರೆ ಜಿಲ್ಲೆಯ ಫೈನಾನ್ಸ್ ಕಂಪನಿಯದು. ಚೌಕಗಳಲ್ಲಿ 060, 090. ಶಾರದಕ್ಕನಿಗೆ ಬೈಕ್ ಓಡಿಸಲು ಬರುವುದಿಲ್ಲ, ಮನೆಯಲ್ಲಿ ಬೈಕೂ ಇಲ್ಲ. ನಾಲ್ಕೂ ವರದಿಯಲ್ಲಿ ಒಂದು ಕ್ರೆಡಿಟ್ ಕಾರ್ಡಿನ ಬಾಕಿ ಇತ್ತು. 11,480 ರೂಪಾಯಿ, ‘ರಿಟನ್ ಆಫ್’. ಅಂದರೆ ವಸೂಲಾಗದ ಸಾಲ ಅಂತ ಬ್ಯಾಂಕು ತನ್ನ ಲೆಕ್ಕದಿಂದ ತೆಗೆದಿಟ್ಟಿದೆ. ಸಾಲ ಮನ್ನಾ ಆಗಿದೆ ಅಂತ ಅರ್ಥ ಅಲ್ಲ.

ಇನ್ನು ಮೂರು ತಿಂಗಳಲ್ಲಿ ರಿಪೇರಿ ಕಂಪನಿ ಮಾಡಿದ್ದೇನು? ಒಂದು ಮಾಹಿತಿ ಕಂಪನಿಯಲ್ಲಿ ಇವರ ವರದಿಯಲ್ಲಿದ್ದ ಐದೂ ಸಾಲದ ಮೇಲೆ, ಸರಿ ಇದ್ದ ಬಂಗಾರದ ಸಾಲವನ್ನೂ ಬಿಡದೆ, ‘ಇದು ನನ್ನದಲ್ಲ’ ಅಂತ ದೂರು ಹಾಕಿತ್ತು. ಒಂದು ದಾಖಲೆಯನ್ನೂ ಲಗತ್ತಿಸಿರಲಿಲ್ಲ. ಎಲ್ಲವೂ ತಿರಸ್ಕಾರ ಆಗಿದ್ದವು. ಜೊತೆಗೆ ‘ಹೊಸ ಸಾಲ ತಗೊಂಡು ಕಟ್ಟಿದರೆ ಸ್ಕೋರ್ ಏರುತ್ತೆ’ ಅಂತ ಹೇಳಿ ಮೂರು ಲೋನ್ ಆ್ಯಪ್‌ಗಳಲ್ಲಿ ಅರ್ಜಿ ಹಾಕಿಸಿತ್ತು. ಸಾಲ ಸಿಗಲಿಲ್ಲ. ಮೂರು ಕಡೆ ವಿಚಾರಿಸಿದ ಗುರುತು ಮಾತ್ರ ವರದಿಯಲ್ಲಿ ಉಳಿಯಿತು. ಕಡಿಮೆ ಹೊತ್ತಿನಲ್ಲಿ ಹಲವು ಕಡೆ ಸಾಲ ಕೇಳಿದವರ ಅಂಕ ಇಳಿಯುತ್ತದೆ.

ಪಹಣಿಯ ಮಾತು

ಇಷ್ಟಾದರೂ ಶಾರದಕ್ಕನ ಮನಸ್ಸಿನಲ್ಲಿ ಒಂದು ಆಸೆ ಉಳಿದಿತ್ತು. ಆ 18 ಸಾವಿರ ಹಾಕಿದರೆ ಆಗಬಹುದೇನೋ ಅಂತ. ನಾನು ಕಾಯ್ದೆ ವಿವರಿಸಲು ಹೋದೆ, ತಲೆಗೆ ಹತ್ತಲಿಲ್ಲ. ಕೊನೆಗೆ ಕೇಳಿದೆ: “ಅಕ್ಕಾರ, ನಿಮ್ಮ ಹೊಲದ ಪಹಣ್ಯಾಗ ಹೆಸರು ತಪ್ಪಿದ್ರ ಆಫೀಸಿನ ಮುಂದಿನ ಝೆರಾಕ್ಸ್ ಅಂಗಡಿಯವ ತಿದ್ದಾಕ ಬರತೈತೇನು?”

“ಅವಂಗ ಹೆಂಗ ಬರತೈತ್ರಿ? ತಹಸೀಲ್ದಾರ ಸಾಹೇಬ್ರ ಮಾಡಬೇಕು.”

“ಹಂಗ ಇದೂ.”

ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆ ಸಂಜೆಯೇ ರಿಪೇರಿ ಕಂಪನಿಗೆ, ಇನ್ನು ಮುಂದೆ ನನ್ನ ಪರವಾಗಿ ಏನೂ ಮಾಡಬೇಡಿ ಅಂತ ಇಮೇಲ್ ಹೋಯಿತು.

ಕಾಯ್ದೆಯಲ್ಲಿ ಇರುವುದು ಇದೇ. ವರದಿಯಲ್ಲಿ ತಪ್ಪಿದೆ ಅಂತ ನಾವು ಅರ್ಜಿ ಕೊಟ್ಟರೆ, ಕ್ರೆಡಿಟ್ ಮಾಹಿತಿ ಕಂಪನಿ ಅದನ್ನು ಸಾಲ ಕೊಟ್ಟವರಿಗೆ ಕಳಿಸುತ್ತದೆ. ಅವರು ಹೌದು ಅಂದರೆ ಮಾತ್ರ ತಿದ್ದುತ್ತದೆ. ಪೆನ್ನು ಇರುವುದು ಸಾಲ ಕೊಟ್ಟವನ ಕೈಯಲ್ಲಿ. ಮಾಹಿತಿ ಕಂಪನಿಗೇ ಸ್ವಂತವಾಗಿ ತಿದ್ದುವ ಅಧಿಕಾರ ಇಲ್ಲ ಅಂದಮೇಲೆ, ಮೂರನೆಯವನಿಗೆ ಎಲ್ಲಿಂದ ಬರಬೇಕು? ಅವನು ಹೆಚ್ಚೆಂದರೆ ನಮ್ಮ ಅರ್ಜಿ ತುಂಬಿಕೊಡಬಹುದು. ಅದಕ್ಕೆ ಫೀಸು ತೆಗೆದುಕೊಂಡರೆ ತಪ್ಪಿಲ್ಲ. ಅಂಕವನ್ನೇ ಮಾರುತ್ತೇನೆ ಅಂದರೆ, ತನ್ನ ಬಳಿ ಇಲ್ಲದ್ದನ್ನು ಮಾರುತ್ತಿದ್ದಾನೆ.

ಬೈಕು ಹೋಯಿತು

ಸುಲಭದ್ದನ್ನು ಮೊದಲು ಹಿಡಿದೆವು. ವರದಿಯ ಗುರುತಿನ ಭಾಗದಲ್ಲಿ ಎರಡು ಪ್ಯಾನ್ ನಂಬರ್ ಇದ್ದವು. ಒಂದು ಇವರದು. ಇನ್ನೊಂದರಲ್ಲಿ ಒಂದೇ ಒಂದು ಅಂಕಿ ಬೇರೆ. ಅದೇ ಹೆಸರಿನ, ಹೆಚ್ಚೂಕಡಿಮೆ ಅದೇ ವಯಸ್ಸಿನ ಇನ್ನೊಬ್ಬಾಕೆಯ ಸಾಲ ಇವರ ಲೆಕ್ಕಕ್ಕೆ ಅಂಟಿಕೊಂಡಿತ್ತು. ನಮ್ಮ ಕಡೆ ಒಂದೇ ಹೆಸರಿನವರು ಓಣಿಗೆ ನಾಲ್ವರು ಇರುತ್ತಾರೆ ಅಲ್ವಾ? ಹೆಸರು ನೋಡಿ ಜೋಡಿಸಿದರೆ ಹೀಗೇ ಆಗುವುದು.

ಜೂನ್ 24ರಂದು ಬೈಕ್ ಸಾಲ ತೋರಿಸಿದ ಎರಡೂ ಮಾಹಿತಿ ಕಂಪನಿಗಳಿಗೆ ಆನ್‌ಲೈನಿನಲ್ಲಿ ದೂರು ಕೊಟ್ಟೆವು. ಪ್ಯಾನ್ ಕಾರ್ಡಿನ ಪ್ರತಿ ಲಗತ್ತಿಸಿ, ಯಾವ ಪುಟ, ಯಾವ ಖಾತೆ, ಏನು ತಪ್ಪು ಅಂತ ನಾಲ್ಕೇ ಸಾಲು ಬರೆದೆವು. ಫೈನಾನ್ಸ್ ಕಂಪನಿಗೂ ಅದೇ ಪತ್ರ ಹೋಯಿತು. ಒಂದು ಕಡೆ 19 ದಿನದಲ್ಲಿ ಸರಿಯಾಯಿತು. ಇನ್ನೊಂದು ಕಡೆ ಆಗಸ್ಟ್ 7ರವರೆಗೆ ಎಳೆಯಿತು, 44 ದಿನ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ನಿಯಮ ಒಂದಿದೆ. 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಇದು 2024ರ ಏಪ್ರಿಲ್ 26ರಿಂದ ಜಾರಿಗೆ ಬಂದಿದೆ. ದೂರು ಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಸಾಲ ಕೊಟ್ಟವರು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸದಿದ್ದರೆ ಅವರು ಕೊಡಬೇಕು. ಅವರು ಕಳಿಸಿಯೂ ತಡವಾದರೆ ಮಾಹಿತಿ ಕಂಪನಿ ಕೊಡಬೇಕು. ನಮ್ಮಲ್ಲಿ ತಡ ಮಾಡಿದ್ದು ಫೈನಾನ್ಸ್ ಕಂಪನಿ. 14 ದಿನಕ್ಕೆ 1,400 ರೂಪಾಯಿ ಶಾರದಕ್ಕನ ಖಾತೆಗೆ ಬಂತು. ಮೆಸೇಜು ತೋರಿಸಲೆಂದೇ ಗ್ರಂಥಾಲಯದವರೆಗೆ ಬಂದಿದ್ದರು.

‘ಕಾರ್ಡ್ 2’

ಕಾರ್ಡಿನ ಕಥೆ ಬೇರೆ. 2016ರಲ್ಲಿ ಶಾರದಕ್ಕ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಬಳದ ಖಾತೆಯ ಜೊತೆಗೆ ಕ್ರೆಡಿಟ್ ಕಾರ್ಡೂ ಬಂತು. ಒಂದು ಮಿಕ್ಸರ್ ಕೊಂಡರು, ಅದರ ದುಡ್ಡು ಪೂರ್ತಿ ಕಟ್ಟಿದರು. 2018ರಲ್ಲಿ ಅಂಗಡಿ ಮುಚ್ಚಿತು. ಬ್ಯಾಂಕಿಗೆ ಹೋಗಿ ಖಾತೆ ಮುಚ್ಚಿಸಿ ಕಾರ್ಡು ಕೊಟ್ಟು ಬಂದರು. ಮುಗಿಯಿತು ಅಂದುಕೊಂಡರು. ಆದರೆ ಕಾರ್ಡಿನ ಖಾತೆ ತೆರೆದೇ ಇತ್ತು. ವಾರ್ಷಿಕ ಶುಲ್ಕ 500, ಅದರ ಮೇಲೆ ಶೇ 18 ಜಿಎಸ್‌ಟಿ, ಅದು ಕಟ್ಟದ್ದಕ್ಕೆ ದಂಡ, ಎಲ್ಲದರ ಮೇಲೆ ತಿಂಗಳಿಗೆ ಶೇ 3.5ರಂತೆ ಬಡ್ಡಿ. ಬಿಲ್ಲುಗಳು ಬಿಟ್ಟುಹೋದ ಬಾಡಿಗೆ ಮನೆಗೆ ಹೋದವು. ಹೀಗೆ ಒಂದು ರೂಪಾಯಿಯ ಸಾಮಾನೂ ಕೊಳ್ಳದೆ 11,480 ಆಯಿತು.

ಜುಲೈ ಮೊದಲ ವಾರ ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆದೆವು. 12 ದಿನಕ್ಕೆ ಉತ್ತರ ಬಂತು. ಕಾರ್ಡ್ ಮುಚ್ಚಲು ಕೋರಿಕೆ ಬಂದ ದಾಖಲೆ ಇಲ್ಲ, ಆದರೂ 5,000 ಕಟ್ಟಿದರೆ ಸೆಟಲ್ ಮಾಡುತ್ತೇವೆ.

ಮನೆಯವರಿಗೆಲ್ಲ ಇದು ಸಿಹಿ ಸುದ್ದಿ. 11 ಸಾವಿರದ ಬದಲು 5 ಸಾವಿರ! ಮಗ ಫೋನ್ ಕೈಗೆತ್ತಿಕೊಂಡೇಬಿಟ್ಟಿದ್ದ. ನಾನು ತಡೆದೆ. ‘ಸೆಟಲ್ಡ್’ ಬೇರೆ, ‘ಕ್ಲೋಸ್ಡ್’ ಬೇರೆ. ಕ್ಲೋಸ್ಡ್ ಅಂದರೆ ಲೆಕ್ಕ ಚುಕ್ತಾ. ಸೆಟಲ್ಡ್ ಅಂದರೆ ಪೂರ್ತಿ ಕೊಡಲಾಗದೆ ಕಡಿಮೆಗೆ ಒಪ್ಪಿದರು ಅಂತ. ಮುಂದೆ ಸಾಲ ಕೊಡುವವನ ಕಣ್ಣಿಗೆ ಆ ಮಾತು ವರ್ಷಗಟ್ಟಲೆ ಬೀಳುತ್ತಿರುತ್ತದೆ. ರಿಪೇರಿ ಕಂಪನಿ 18 ಸಾವಿರ ಕೇಳಿದ್ದೂ ಇದನ್ನೇ ಮಾಡಿಸಲು. ನಿಜವಾಗಿ ಸಾಲ ತಗೊಂಡು ಕಟ್ಟಲಾಗದವರಿಗೆ ಸೆಟಲ್‌ಮೆಂಟ್ ಒಂದು ದಾರಿ, ಇಲ್ಲ ಅನ್ನುವುದಿಲ್ಲ. ಮಾಡದ ಸಾಲಕ್ಕೆ ಅದನ್ನು ಒಪ್ಪಿಕೊಂಡರೆ ಸಾಲ ನನ್ನದೇ ಅಂತ ಸಹಿ ಹಾಕಿದ ಹಾಗೆ.

ಹಾಗಂತ ನಮ್ಮ ಕೈಯಲ್ಲಿ ಪುರಾವೆಯೂ ಇರಲಿಲ್ಲ. ಇಲ್ಲಿ ತಪ್ಪು ಮಾಡಿದ್ದು ನಾನು. ಹಳೆಯ ಕಾಗದ ಏನಾದರೂ ಇದೆಯೇ ಅಂತ ಮೊದಲ ದಿನವೇ ಕೇಳಬೇಕಿತ್ತು. ಆರು ವರ್ಷದ ಹಿಂದಿನದು ಯಾರು ಇಟ್ಟಿರುತ್ತಾರೆ ಅಂತ ನಾನೇ ಊಹಿಸಿಕೊಂಡಿದ್ದೆ. ಈಗ ಕೇಳಿದರೆ, ಮರುದಿನ ಒಂದು ಹಳದಿ ಹಾಳೆ ತಂದರು. ಮಗನ ಮಾರ್ಕ್ಸ್ ಕಾರ್ಡುಗಳ ಜೊತೆ ಟ್ರಂಕಿನಲ್ಲಿತ್ತಂತೆ. ಉಳಿತಾಯ ಖಾತೆ ಮುಚ್ಚಿದ ಅರ್ಜಿಯ ಪ್ರತಿ. ಶಾಖೆಯ ಗುಂಡು ಮೊಹರು, ತಾರೀಕು. ಕೆಳಗೆ ಕೌಂಟರಿನವರ ಕೈಬರಹದಲ್ಲಿ ವಾಪಸ್ ಪಡೆದ ವಸ್ತುಗಳು: ಚೆಕ್ ಪುಸ್ತಕ 1, ಕಾರ್ಡ್ 2.

ಎರಡು. ಎಟಿಎಂ ಕಾರ್ಡ್ ಒಂದೇ ಇರಲು ಸಾಧ್ಯ. ಇನ್ನೊಂದು ಯಾವುದು?

ಆಗಸ್ಟ್ 12ಕ್ಕೆ ಆ ಪ್ರತಿ ಲಗತ್ತಿಸಿ ಬ್ಯಾಂಕಿಗೆ ಮತ್ತೆ ಬರೆದೆವು. 5,000 ಬೇಡ, ಶುಲ್ಕಗಳನ್ನೆಲ್ಲ ತೆಗೆದು ಖಾತೆಯನ್ನು 2018ರ ಆ ದಿನಕ್ಕೇ ಮುಚ್ಚಿದಂತೆ ವರದಿ ಕಳಿಸಿ ಅಂತ ಕೇಳಿದೆವು. ಕಾರ್ಡ್ ಮುಚ್ಚಲು ಕೇಳಿದ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ದಂಡ ಅನ್ನುವ ನಿಯಮ 2022ರ ಜುಲೈ 1ರಿಂದ ಇದೆ. ನಮ್ಮದು 2018ರ ಸಂಗತಿಯಾದ್ದರಿಂದ ಅದನ್ನು ಹಿಡಿಯಲಿಲ್ಲ. ನಿಲ್ಲದ ವಾದವನ್ನು ಸೇರಿಸಿದರೆ ನಿಲ್ಲುವ ವಾದವೂ ಸಡಿಲವಾಗುತ್ತದೆ.

30 ದಿನ ಕಳೆದರೂ ಉತ್ತರ ಇಲ್ಲ. ಸೆಪ್ಟೆಂಬರ್ 16ಕ್ಕೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಿದೆವು. ರಿಸರ್ವ್ ಬ್ಯಾಂಕಿನ ದೂರಿನ ತಾಣವಾದ ಸಿಎಂಎಸ್ ಪೋರ್ಟಲಿನಲ್ಲಿ ಫಾರಂ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮೊದಲು ಬ್ಯಾಂಕಿಗೆ ಬರೆದು 30 ದಿನ ಕಾದಿರಬೇಕು, ಅಥವಾ ಅವರ ಉತ್ತರ ಸಮಾಧಾನ ತಂದಿರಬಾರದು, ಅಷ್ಟೇ. 2022ರ ಸೆಪ್ಟೆಂಬರಿನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳ ಮೇಲೂ ಇಲ್ಲೇ ದೂರು ಕೊಡಬಹುದು. ಅಕ್ಟೋಬರ್ ಮೂರನೇ ವಾರ ಬ್ಯಾಂಕಿನಿಂದಲೇ ಫೋನ್ ಬಂತು. ಮಾತು ಮೆತ್ತಗಿತ್ತು. ಶುಲ್ಕ, ಬಡ್ಡಿ ಎಲ್ಲ ತೆಗೆದಿದ್ದೇವೆ, ಬಾಕಿ ಸೊನ್ನೆ, ಖಾತೆ ಕ್ಲೋಸ್ಡ್. ಪತ್ರವೂ ಬಂತು.

ಕೊಟ್ಟ ದುಡ್ಡು

ರಿಪೇರಿ ಕಂಪನಿಯ ಮೇಲೆ ಒಂಬುಡ್ಸ್‌ಮನ್ ಬಳಿ ಹೋಗಲು ಆಗಲಿಲ್ಲ. ಅದು ಬ್ಯಾಂಕಲ್ಲ, ಫೈನಾನ್ಸ್ ಕಂಪನಿಯಲ್ಲ, ಮಾಹಿತಿ ಕಂಪನಿಯೂ ಅಲ್ಲ. ರಿಸರ್ವ್ ಬ್ಯಾಂಕಿನ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಸಾದಾ ಕಂಪನಿ. ಸಾಲ ಕೊಡುವವನು, ಲೆಕ್ಕ ಇಡುವವನು, ರಿಪೇರಿಯವನು, ಜನ ಈ ಮೂವರನ್ನೂ ‘ಕ್ರೆಡಿಟ್ ಕಂಪನಿ’ ಅಂತ ಒಂದೇ ಹೆಸರಿನಿಂದ ಕರೆಯುತ್ತಾರೆ. ಆದರೆ ಸಾಲ ಕೊಡುವವನು ಮತ್ತು ಲೆಕ್ಕ ಇಡುವವನು ತಪ್ಪು ಮಾಡಿದರೆ ಹಿಡಿದು ಕೇಳುವ ಜಾಗ ಇದೆ. ಇಬ್ಬರೂ ಈ ಪ್ರಕರಣದಲ್ಲಿ ತಪ್ಪು ಮಾಡಿದರು, ಇಬ್ಬರನ್ನೂ ಕೇಳಿದೆವು, ಇಬ್ಬರೂ ತಿದ್ದಿದರು. ಶಾರದಕ್ಕನ ಮೊದಲ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇಷ್ಟೇ.

ಮೂರನೆಯವನಿಗೆ ಉಳಿದದ್ದು ಗ್ರಾಹಕರ ಹಾದಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದರು. ಐದು ವಾರದ ಮೇಲೆ ಕಂಪನಿ 5,000 ವಾಪಸ್ ಹಾಕಿತು. ಉಳಿದ 9,750ಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಶಾರದಕ್ಕ ಬೇಡ ಅಂದರು. “ರೊಟ್ಟಿ ಬಡಿಯೋದು ಬಿಟ್ಟು ತಾರೀಕಿಗೆ ತಿರಗಾಡಾಕ ಆಗಂಗಿಲ್ಲ ಸರ.” ಹೋಗಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ದಿನಕ್ಕೆ 600 ರೊಟ್ಟಿ ಬಡಿಯುವವರಿಗೆ ಹಾಗೆ ಹೇಳುವ ಹಕ್ಕು ನನಗಿಲ್ಲ.

ಡಿಸೆಂಬರ್, ಜನವರಿ

ಡಿಸೆಂಬರಿನಲ್ಲಿ ಅದೇ ಬ್ಯಾಂಕಿಗೆ ಮತ್ತೆ ಅರ್ಜಿ ಹಾಕಿದರು. ಅಂಕ 731. 750 ಅಲ್ಲ. ಆ ಮೂರು ಆ್ಯಪ್‌ಗಳ ವಿಚಾರಣೆ ಇನ್ನೂ ವರದಿಯಲ್ಲಿತ್ತು, ಅದು ನಿಜವಾಗಿ ನಡೆದದ್ದಾದ್ದರಿಂದ ತೆಗೆಸಲು ಬರುವುದಿಲ್ಲ. ಮ್ಯಾನೇಜರ್ ಅದರ ಬಗ್ಗೆ ಕೇಳಿದರು. ಇವರು ನಡೆದದ್ದನ್ನು ನಡೆದ ಹಾಗೆ ಹೇಳಿ, ಬ್ಯಾಂಕಿನ ಪತ್ರ ತೋರಿಸಿದರು. 4 ಲಕ್ಷ ಕೇಳಿದ್ದಕ್ಕೆ 3.5 ಲಕ್ಷ ಮಂಜೂರಾಯಿತು. ಮಷಿನ್ ಬಂತು. ತಗಡಿನ ಶೆಡ್ಡು ಅರ್ಧಕ್ಕೆ ನಿಂತಿದೆ.

ಜನವರಿಯಲ್ಲಿ ಹೊಸ ವರ್ಷದ ಉಚಿತ ವರದಿ ಶುರುವಾಗುತ್ತದೆ. ಈ ಸಲ ನಾಲ್ಕನ್ನೂ ಶಾರದಕ್ಕನೇ ತಮ್ಮ ಫೋನಿನಲ್ಲಿ ತೆರೆದರು, ತಮ್ಮದೇ ಇಮೇಲಿನಿಂದ. ಮೂರರಲ್ಲಿ ಕಾರ್ಡಿನ ಮುಂದೆ ಕ್ಲೋಸ್ಡ್ ಅಂತಿತ್ತು. ನಾಲ್ಕನೆಯದರಲ್ಲಿ ಇನ್ನೂ ‘ರಿಟನ್ ಆಫ್, 11,480’. ನನಗೆ ಫೋನ್ ಮಾಡುವ ಮೊದಲೇ ದೂರು ಹಾಕಿ, ಬ್ಯಾಂಕಿನ ಪತ್ರದ ಫೋಟೊ ಲಗತ್ತಿಸಿದ್ದರು. ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು, 30ನೇ ದಿನಕ್ಕೆ ಕೆಂಪು ಗುರುತು ಹಾಕಿದ್ದರು. ಒಂಬತ್ತನೇ ದಿನ ಸರಿಯಾಯಿತು.